ಪದ ಪರಿಚಯ: ಸಭಾಪಾಲಕ

ಕನ್ನಡದ ಪ್ರೊಟೆಸ್ಟೆಂಟ್ ಕ್ರೈಸ್ತರು ತಮ್ಮ ಸಭೆಯ, ಅಂದರೆ ಚರ್ಚಿನ, ಬೋಧಕರನ್ನು ಮಾತಿನಲ್ಲಿ ‘ಪಾಸ್ಟರ್’ ಎಂದು ಕರೆದರೂ ಬರವಣಿಗೆಯಲ್ಲಿ, ಮದುವೆಯ ಕರೆಯೋಲೆಯಿಂದ ಹಿಡಿದು ಸಭೆಯ ವಾರ್ಷಿಕ ವರದಿಯವರೆಗೆ, ‘ಸಭಾಪಾಲಕರು’ ಎನ್ನುವುದು ರೂಢಿ. ಲ್ಯಾಟಿನ್ನಿನಲ್ಲಿ ‘ಪಾಸ್ಟರ್’ ಎಂದರೆ ಕುರಿಗಾಹಿ. ಆ ಪದದ ಹಿಂದಿರುವ ಕ್ರಿಯಾಪದಕ್ಕೆ ‘ಮೇಯಿಸು’ ಎಂಬ ಅರ್ಥವಿದೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದ ‘ಪೊಯ್ಮೆನ್’ ಕೂಡ ಕುರುಬನೇ. 23ನೆಯ ಕೀರ್ತನೆಯಲ್ಲಿ ದೇವರನ್ನೇ ಕುರುಬನೆಂದು ಕರೆಯಲು ಹಿಂಜರಿಯದ ಕನ್ನಡ ಸತ್ಯವೇದವು (ಬೈಬಲ್), ಎಫೆಸದವರಿಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ ಅದೇ ಪದವು ಸಭೆಯ ನಾಯಕರಿಗೆ ಅನ್ವಯವಾದಾಗ ‘ಸಭಾಪಾಲಕ’ ಎಂದಿತು. ಹೀಗೆ ಪದಕ್ಕೆ ಗೌರವ ಬಂತು, ಕುರಿ ಮರೆಯಾಯಿತು.

‘ಪಾಲಕ’ ಎಂದೊಡನೆ ನಮ್ಮ ಕಿವಿಗೆ ಮೊದಲು ತಾಗುವುದು ರಾಜ್ಯಪಾಲನ ಅಧಿಕಾರ. ಆದರೆ ಕಾಪಾಡುವ ಅರ್ಥವುಳ್ಳ ಆ ಧಾತುವೇ ಗೋಪಾಲನಲ್ಲಿಯೂ ಇದೆ, ಗ್ರಂಥಪಾಲಕನಲ್ಲಿಯೂ ಇದೆ. ಯಾವ ಪುಸ್ತಕ ಯಾರ ಮನೆಯಲ್ಲಿದೆ, ಯಾವುದು ಬಹಳ ದಿನದಿಂದ ಹಿಂದಿರುಗಿಲ್ಲ ಎಂಬುದನ್ನು ಬಲ್ಲ ಗ್ರಂಥಪಾಲಕನು ಸಭಾಪಾಲಕನಿಗೆ ರಾಜ್ಯಪಾಲನಿಗಿಂತ ಹತ್ತಿರದ ನಂಟ ಎಂದು ನನಗೆ ಅನ್ನಿಸುತ್ತದೆ. ಇನ್ನು ‘ಪಾಲಿಸು’ ಎಂಬ ಕ್ರಿಯಾಪದವಂತೂ ಎರಡೂ ಕಡೆ ತಿರುಗುತ್ತದೆ: ಅರಸನು ರಾಜ್ಯವನ್ನು ಪಾಲಿಸುತ್ತಾನೆ, ಆಳು ಆಜ್ಞೆಯನ್ನು ಪಾಲಿಸುತ್ತಾನೆ.

ಸಭೆಯ ನಾಯಕತ್ವಕ್ಕೆ ಹೊಸ ಒಡಂಬಡಿಕೆಯಲ್ಲಿ ಇನ್ನೆರಡು ಪದಗಳಿವೆ. ‘ಪ್ರೆಸ್ಬುಟೆರೊಸ್’ ಎಂದರೆ ಹಿರಿಯ, ‘ಎಪಿಸ್ಕೊಪೊಸ್’ ಎಂದರೆ ಮೇಲ್ವಿಚಾರಕ. ಅಪೊಸ್ತಲರ ಕೃತ್ಯಗಳ 20ನೆಯ ಅಧ್ಯಾಯದಲ್ಲಿ ಪೌಲನು ಎಫೆಸದ ಹಿರಿಯರನ್ನು ಮಿಲೇತಕ್ಕೆ ಕರೆಸಿಕೊಂಡು, ಅವರನ್ನೇ ಮೇಲ್ವಿಚಾರಕರೆಂದು ಕರೆದು, ಹಿಂಡನ್ನು ಕಾಯುವ ಕೆಲಸವನ್ನು ಅವರಿಗೇ ಒಪ್ಪಿಸುತ್ತಾನೆ. ಮುಂದೆ ಈ ಪದಗಳು ಬೇರೆ ಬೇರೆ ಪದವಿಗಳಾದವು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಬಿಷಪ್ (‘ಎಪಿಸ್ಕೊಪೊಸ್’ನಿಂದ ಬಂದ ಪದ), ಪ್ರೆಸ್ಬಿಟರ್, ಡೀಕನ್ (ಸೇವಕ) ಎಂಬ ಮೂರು ಅಂತಸ್ತುಗಳಿವೆ. ಜನರು ಸಭಾಪಾಲಕರೆನ್ನುವವರು ಅಲ್ಲಿ ಅಧಿಕೃತವಾಗಿ ಪ್ರೆಸ್ಬಿಟರ್.

ಪದದ ಒಳಗಿನ ಕೆಲಸವನ್ನು ತಿಳಿಯಬೇಕಾದರೆ ನಿಘಂಟಿಗಿಂತ ಕುರಿಹಟ್ಟಿಯೇ ಮೇಲು. ಉತ್ತರ ಕರ್ನಾಟಕದಲ್ಲಿ ಸುಗ್ಗಿಯ ಬಳಿಕ ಬಯಲ ಹೊಲಗಳಲ್ಲಿ ಮಂದೆ ಬಿಡಾರ ಹೂಡುವುದನ್ನು ಕಂಡವರಿಗೆ ಇದು ಹೊಸತಲ್ಲ. ಸಂಜೆ ಕುರಿಗಳು ತಟ್ಟಿಯೊಳಗೆ ಹೋಗುವಾಗ ಕುರಿಗಾಹಿಯ ಕಣ್ಣು ಹುಡುಕುವುದು ಬಂದವುಗಳನ್ನಲ್ಲ, ಬಾರದವುಗಳನ್ನು. ಕುಂಟುವ ಕುರಿ ಕಂಡರೆ ಅದನ್ನು ಹಿಡಿದು ಕೆಡವಿ ಗೊರಸು ನೋಡಬೇಕು. ದೂರದಿಂದ ಕೂಗಿದರೆ ಮುಳ್ಳು ಹೊರಬರುವುದಿಲ್ಲ. ಭಾನುವಾರ ವೇದಿಕೆಯ ಮೇಲಿನಿಂದ ಎಷ್ಟು ಜನ ಬಂದಿದ್ದಾರೆಂದು ಎಣಿಸುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಮೂರು ವಾರದಿಂದ ಖಾಲಿಯಿರುವ ಮೂಲೆಯ ಬೆಂಚಿನ ವೃದ್ಧೆಯ ಮನೆಯ ಕದ ತಟ್ಟುವ ಅಭ್ಯಾಸ ಅಷ್ಟು ಸುಲಭವಾಗಿ ಬರುವುದಿಲ್ಲ, ಏಕೆಂದರೆ ಅದು ಯಾವ ವರದಿಯಲ್ಲಿಯೂ ಕಾಣುವ ಕೆಲಸವಲ್ಲ. ಯೆಹೆಜ್ಕೇಲನ 34ನೆಯ ಅಧ್ಯಾಯವು ಇಸ್ರಾಯೇಲಿನ ನಾಯಕರ ಮೇಲೆ ಹೊರಿಸುವ ದೋಷಗಳು ಇಂಥವೇ: ದುರ್ಬಲವನ್ನು ಬಲಪಡಿಸಲಿಲ್ಲ, ಮುರಿದದ್ದನ್ನು ಕಟ್ಟಲಿಲ್ಲ, ತಪ್ಪಿಸಿಕೊಂಡದ್ದನ್ನು ಹುಡುಕಲಿಲ್ಲ, ತಮ್ಮನ್ನೇ ಮೇಯಿಸಿಕೊಂಡರು.

ಹೆಜ್ಜೆಯ ವೇಗದ ಮಾತೂ ಇದೆ. ಆದಿಕಾಂಡದ 33ನೆಯ ಅಧ್ಯಾಯದಲ್ಲಿ ಏಸಾವನು ಜೊತೆಯಲ್ಲಿ ಹೋಗೋಣವೆಂದಾಗ ಯಾಕೋಬನು, ಹಿಂಡಿನಲ್ಲಿ ಮರಿಗಳಿಗೆ ಹಾಲೂಡಿಸುವವು ಇವೆ, ಒಂದು ದಿನ ಅವಸರದಿಂದ ಹೊಡೆದರೂ ಎಲ್ಲವೂ ಸತ್ತಾವು, ನಾನು ಮೆಲ್ಲಗೆ ಬರುತ್ತೇನೆ ಎನ್ನುತ್ತಾನೆ. ಹೊಸ ಸಭೆಗೆ ವರ್ಗವಾಗಿ ಬಂದು ಮೊದಲ ತಿಂಗಳಲ್ಲೇ ಆರಾಧನೆಯ ಸಮಯ, ಹಾಡುಗಳ ರಾಗ, ಹಿರಿಯರ ಕುರ್ಚಿ ಎಲ್ಲವನ್ನೂ ಬದಲಿಸಲು ಹೊರಡುವ ಉತ್ಸಾಹಿಗಳು ಈ ವಾಕ್ಯವನ್ನು ಪ್ರಸಂಗಕ್ಕೆ ಆರಿಸಿದ್ದನ್ನು ನಾನು ಕೇಳಿದ್ದಿಲ್ಲ. ಬದಲಾವಣೆ ಬೇಡವೆಂದಲ್ಲ, ಮಂದೆ ಊರಿಂದೂರಿಗೆ ಹೋಗಲೇಬೇಕು, ಆದರೆ ಅದರ ವೇಗವನ್ನು ಗೊತ್ತುಮಾಡುವುದು ನಿನ್ನೆ ಈದ ಕುರಿ.

ಈ ಹೋಲಿಕೆಗೆ ಎಲ್ಲೆಯೂ ಉಂಟು. ಕನ್ನಡದಲ್ಲಿ ಒಬ್ಬರನ್ನು ‘ಕುರಿ’ ಎನ್ನುವುದು ಬೈಗುಳ, ‘ಕುರಿಮಂದೆ’ ಎಂದರೆ ಯೋಚಿಸದೆ ಹಿಂದೆ ಹೋಗುವ ಗುಂಪು. ಲೆಕ್ಕಪತ್ರ ಕೇಳಿದ ವಿಶ್ವಾಸಿಯನ್ನು ಹಿಂಡಿನಿಂದ ತಪ್ಪಿದ ಕುರಿಯೆಂದು ಬಾಯಿ ಮುಚ್ಚಿಸುವ ನಾಯಕನು ಪದವನ್ನು ತಲೆಕೆಳಗು ಮಾಡಿದಂತೆ. ಕುರಿ ಕಾಯಲು ತೋಳನನ್ನು ಇಟ್ಟಂತೆ ಎಂಬ ಮಾತು ಸುಮ್ಮನೆ ಹುಟ್ಟಿಲ್ಲ. ಪೇತ್ರನ ಮೊದಲ ಪತ್ರದ 5ನೆಯ ಅಧ್ಯಾಯವು ಹಿರಿಯರಿಗೆ ಹಿಂಡಿನ ಮೇಲೆ ದೊರೆತನ ಮಾಡಬಾರದೆಂದು ಹೇಳಿ, ಅವರೆಲ್ಲರ ಮೇಲೆ ಒಬ್ಬ ಹಿರಿಯ ಕುರುಬನಿದ್ದಾನೆಂದು ನೆನಪಿಸುತ್ತದೆ. ಆ ಲೆಕ್ಕದಲ್ಲಿ ಸಭಾಪಾಲಕನೂ ಸಂಜೆ ತಟ್ಟಿಯ ಬಾಗಿಲಲ್ಲಿ ಎಣಿಸಿಕೊಳ್ಳುವವರಲ್ಲಿ ಒಬ್ಬ.