ಲ್ಯಾಂಗ್ಮ್ಯೂರ್ ಪ್ರೋಬ್: ಪ್ಲಾಸ್ಮಾದೊಳಗೆ ಇಳಿಸಿದ ತಂತಿಯನ್ನು ಓದುವುದು ಹೇಗೆ?

ಪ್ಲಾಸ್ಮಾದಲ್ಲಿ, ಎಂದರೆ ಎಲೆಕ್ಟ್ರಾನ್ ಮತ್ತು ಅಯಾನುಗಳಾಗಿ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳಾಗಿ) ಒಡೆದ ಅನಿಲದಲ್ಲಿ, ಎಲೆಕ್ಟ್ರಾನ್‌ಗಳು ಎಷ್ಟು ಬಿಸಿಯಾಗಿವೆ, ಒಂದು ಘನ ಮೀಟರಿನಲ್ಲಿ ಎಷ್ಟಿವೆ ಎಂದು ತಿಳಿಯಲು ಒಳಗಿಳಿಸುವ ಪುಟ್ಟ ಲೋಹದ ತುದಿಯೇ ಲ್ಯಾಂಗ್ಮ್ಯೂರ್ ಪ್ರೋಬ್. ತುದಿಗೆ ಕೊಡುವ ವೋಲ್ಟೇಜನ್ನು ಹಂತಹಂತವಾಗಿ ಬದಲಿಸುತ್ತ, ಪ್ರತಿ ಹಂತದಲ್ಲೂ ಹರಿಯುವ ಕರೆಂಟನ್ನು ಅಳೆದು ಗ್ರಾಫ್ ಎಳೆಯುತ್ತಾರೆ. ಕಟ್ಟುವುದು ಸುಲಭ. ಕಷ್ಟವಿರುವುದೆಲ್ಲ ಆ ಗ್ರಾಫ್ ಓದುವುದರಲ್ಲಿ.

ಅರ್ವಿಂಗ್ ಲ್ಯಾಂಗ್ಮ್ಯೂರ್ (1881–1957) ಹುಟ್ಟಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಓದಿದ್ದು ಲೋಹಶಾಸ್ತ್ರ. 1906ರಲ್ಲಿ ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದು, 1909ರಲ್ಲಿ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯ ಸೇರಿದವರು 1950ರವರೆಗೂ ಅಲ್ಲೇ ಇದ್ದರು. ಬಲ್ಬಿನ ಟಂಗ್‌ಸ್ಟನ್ ತಂತಿ ಏಕೆ ಬೇಗ ಸವೆಯುತ್ತದೆ, ಗಾಜು ಏಕೆ ಕಪ್ಪಾಗುತ್ತದೆ ಎಂಬ ಕಾರ್ಖಾನೆಯ ಪ್ರಶ್ನೆಯಿಂದ ಅವರು ಅನಿಲ ತುಂಬಿದ ಬಲ್ಬಿಗೆ ಬಂದರು. ಕಾದ ತಂತಿಯಿಂದ ಹೊರಬೀಳುವ ಎಲೆಕ್ಟ್ರಾನ್‌ಗಳು ಅವರನ್ನು ಪಾದರಸದ ಆವಿಯ ಆರ್ಕ್‌ಗಳವರೆಗೆ ಕರೆದೊಯ್ದವು. 1928ರಲ್ಲಿ ‘ಪ್ಲಾಸ್ಮಾ’ ಎಂಬ ಹೆಸರನ್ನು ಈ ಅರ್ಥದಲ್ಲಿ ಬಳಕೆಗೆ ತಂದವರೂ ಅವರೇ. 1932ರ ನೊಬೆಲ್ ಮಾತ್ರ ರಸಾಯನಶಾಸ್ತ್ರದ್ದು, ಮೇಲ್ಮೈ ರಸಾಯನದ ಕೆಲಸಕ್ಕೆ ಬಂದದ್ದು. ಪ್ಲಾಸ್ಮಾದವರಿಗೆ ಅದು ಸ್ವಲ್ಪ ಬೇಸರದ ಸಂಗತಿಯೇ.

ವಿದ್ಯುತ್ ಹರಿಸಿ ಹೊಳೆಯುವಂತೆ ಮಾಡಿದ ಅನಿಲದೊಳಗೆ ತಂತಿ ಇಳಿಸುವುದು ಲ್ಯಾಂಗ್ಮ್ಯೂರ್‌ಗೂ ಮುಂಚಿನ ರೂಢಿ. ಯಾವುದಕ್ಕೂ ಜೋಡಿಸದೆ ಬಿಟ್ಟ ತಂತಿ ತೋರಿಸುವ ವೋಲ್ಟೇಜೇ ಆ ಜಾಗದ ಪ್ಲಾಸ್ಮಾ ವೋಲ್ಟೇಜ್ ಎಂದು ಆಗಿನವರು ನಂಬಿದ್ದರು. ಅದು ತಪ್ಪು. ಆರ್ಗಾನ್ ಅಯಾನು ಎಲೆಕ್ಟ್ರಾನಿಗಿಂತ ಸುಮಾರು 73,000 ಪಟ್ಟು ಭಾರ, ಹಾಗಾಗಿ ನಿಧಾನ. ಹಗುರವಾದ ಎಲೆಕ್ಟ್ರಾನ್‌ಗಳು ಮೊದಲು ಬಂದು ಬಡಿದು ತಂತಿಯನ್ನು ಋಣಾತ್ಮಕ ಮಾಡುತ್ತವೆ; ಎಲೆಕ್ಟ್ರಾನ್ ಕರೆಂಟೂ ಅಯಾನು ಕರೆಂಟೂ ಸಮವಾಗುವವರೆಗೆ ತಂತಿಯ ವೋಲ್ಟೇಜ್ ಇಳಿಯುತ್ತಲೇ ಹೋಗುತ್ತದೆ. ತಂತಿಯ ಸುತ್ತ ಎಲೆಕ್ಟ್ರಾನ್ ವಿರಳವಾದ ತೆಳು ಪೊರೆಯೊಂದು ಕಟ್ಟಿಕೊಳ್ಳುತ್ತದೆ. ಪ್ರೋಬ್ ನೋಡುವುದು ಈ ಪೊರೆಯ ಮೂಲಕವೇ. 1924ರಿಂದ 1926ರ ನಡುವೆ ಹೆರಾಲ್ಡ್ ಮಾಟ್-ಸ್ಮಿತ್ ಜೊತೆ ಸೇರಿ ಲ್ಯಾಂಗ್ಮ್ಯೂರ್ ಇದರ ಲೆಕ್ಕವನ್ನು ಕಟ್ಟಿಕೊಟ್ಟರು.

ಪ್ರಯೋಗಾಲಯದ ಆರ್ಗಾನ್ ಪ್ಲಾಸ್ಮಾವನ್ನೇ ತೆಗೆದುಕೊಳ್ಳೋಣ. ಎಲೆಕ್ಟ್ರಾನ್ ತಾಪ 2 ಎಲೆಕ್ಟ್ರಾನ್-ವೋಲ್ಟ್ (ಸುಮಾರು 23,000 ಕೆಲ್ವಿನ್), ಸಾಂದ್ರತೆ ಘನ ಮೀಟರಿಗೆ 10¹⁶. ಅಲ್ಯೂಮಿನಾ ಕೊಳವೆಯಿಂದ 0.25 ಮಿಲಿಮೀಟರ್ ದಪ್ಪದ ಟಂಗ್‌ಸ್ಟನ್ ತಂತಿ 5 ಮಿಲಿಮೀಟರ್ ಹೊರಚಾಚಿದೆ. ತುದಿಯನ್ನು ಪ್ಲಾಸ್ಮಾಕ್ಕಿಂತ ಬಹಳ ಋಣಾತ್ಮಕ ಮಾಡಿದರೆ ಅಯಾನುಗಳು ಮಾತ್ರ ಬರುತ್ತವೆ. ಲೆಕ್ಕದ ಪ್ರಕಾರ ಸುಮಾರು 8 ಮೈಕ್ರೋಆಂಪಿಯರ್. ವೋಲ್ಟೇಜ್ ಏರಿಸುತ್ತ ಹೋದಂತೆ ಎಲೆಕ್ಟ್ರಾನ್‌ಗಳು ನುಗ್ಗತೊಡಗುತ್ತವೆ, ಕರೆಂಟ್ ಶೂನ್ಯ ದಾಟುತ್ತದೆ. ಹಳಬರು ಪ್ಲಾಸ್ಮಾ ವೋಲ್ಟೇಜ್ ಎಂದುಕೊಂಡಿದ್ದ ಬಿಂದು ಇದೇ. ನಿಜವಾದ ಪ್ಲಾಸ್ಮಾ ವೋಲ್ಟೇಜ್ ಇನ್ನೂ 10 ವೋಲ್ಟ್ ಮೇಲಿದೆ. ಅಲ್ಲಿ ಗ್ರಾಫ್ ಮೊಣಕಾಲಿನಂತೆ ಬಾಗುತ್ತದೆ. ಆಗ ಕರೆಂಟ್ ಸುಮಾರು 1.5 ಮಿಲಿಆಂಪಿಯರ್.

ತಾಪ ಸಿಗುವುದು ನಡುವಿನ ಏರಿನಲ್ಲಿ. ಮೊದಲು ಅಯಾನು ಕರೆಂಟನ್ನು ಕಳೆಯಬೇಕು, ಆಮೇಲೆ ಉಳಿದದ್ದರ ನೈಸರ್ಗಿಕ ಲಾಗ್ (ln) ತೆಗೆಯಬೇಕು. ಕಳೆಯದೆ ಲಾಗ್ ತೆಗೆದರೆ ಕೆಳಗಿನ ಭಾಗ ಡೊಂಕಾಗಿ ತಾಪ ತಪ್ಪಿ ಬರುತ್ತದೆ. ಬಂದ ಗೆರೆ ನೆಟ್ಟಗಿದ್ದರೆ ಅದರ ಇಳಿಜಾರಿನ ವ್ಯುತ್ಕ್ರಮವೇ ಎಲೆಕ್ಟ್ರಾನ್-ವೋಲ್ಟ್‌ಗಳಲ್ಲಿ ತಾಪ. ನಮ್ಮ ಉದಾಹರಣೆಯಲ್ಲಿ ಪ್ರತಿ 4.6 ವೋಲ್ಟಿಗೆ ಎಲೆಕ್ಟ್ರಾನ್ ಕರೆಂಟ್ ಹತ್ತು ಪಟ್ಟಾಗಬೇಕು. ಗೆರೆ ನೆಟ್ಟಗಿಲ್ಲದಿದ್ದರೆ ಹೇಗೋ ಒಂದು ನೇರ ಗೆರೆ ಹೊಂದಿಸಿ ಕೂರಬೇಡಿ. ಎಲೆಕ್ಟ್ರಾನ್‌ಗಳಲ್ಲಿ ಎರಡು ತಾಪದ ಗುಂಪುಗಳಿರಬಹುದು, ಅಥವಾ ಪ್ರೋಬೇ ಕೆಟ್ಟಿರಬಹುದು.

ಮೇಲಿನ 8 ಮೈಕ್ರೋಆಂಪಿಯರಿನಲ್ಲಿ ಒಂದು ಮೋಸವಿದೆ. ಈ ಪ್ಲಾಸ್ಮಾದ ಡಿಬೈ ಉದ್ದ (ಒಳಗಿಟ್ಟ ವೋಲ್ಟೇಜಿನ ಪ್ರಭಾವವನ್ನು ಪ್ಲಾಸ್ಮಾ ಮರೆಮಾಡಿಬಿಡುವ ದೂರ) ಸುಮಾರು 0.1 ಮಿಲಿಮೀಟರ್, ಪೊರೆ ಅದರ ಹಲವು ಪಟ್ಟು ದಪ್ಪ. ತಂತಿಯ ತ್ರಿಜ್ಯವೋ ಹೆಚ್ಚುಕಡಿಮೆ ಡಿಬೈ ಉದ್ದದಷ್ಟೇ. ಎಂದರೆ ಅಯಾನುಗಳನ್ನು ಹಿಡಿಯುವುದು ತಂತಿಯ ಮೈಯಲ್ಲ, ಅದಕ್ಕಿಂತ ದೊಡ್ಡದಾದ ಪೊರೆಯ ಹೊರಮೈ. ವೋಲ್ಟೇಜ್ ಇಳಿಸಿದಷ್ಟೂ ಪೊರೆ ಹಿಗ್ಗುತ್ತದೆ, ‘ಸ್ಥಿರ’ವಾಗಬೇಕಿದ್ದ ಅಯಾನು ಕರೆಂಟ್ ಏರುತ್ತಲೇ ಇರುತ್ತದೆ. ಬರೀ ತಂತಿಯ ಮೈ ಅಳತೆ ಹಾಕಿ ಲೆಕ್ಕ ಮಾಡಿದವರಿಗೆ ಸಾಂದ್ರತೆ ಇದ್ದದ್ದಕ್ಕಿಂತ ಹೆಚ್ಚು ಸಿಗುತ್ತದೆ.

ಉಳಿದ ತೊಂದರೆಗಳಲ್ಲಿ ಕೊಳೆಯದ್ದೇ ಹೆಚ್ಚು. ತುದಿಯ ಮೇಲೆ ನಿರೋಧಕ ಪದರ ಕೂತರೆ ವೋಲ್ಟೇಜ್ ಏರಿಸುವಾಗಿನ ಗ್ರಾಫೂ ಇಳಿಸುವಾಗಿನ ಗ್ರಾಫೂ ಒಂದರ ಮೇಲೊಂದು ಕೂರುವುದಿಲ್ಲ. ಅದಕ್ಕೇ ಎರಡೂ ದಿಕ್ಕಿನಲ್ಲಿ ಅಳೆಯಬೇಕು. ತುದಿಯನ್ನು ಧನಾತ್ಮಕ ಮಾಡಿ ಎಲೆಕ್ಟ್ರಾನ್‌ಗಳ ಹೊಡೆತದಿಂದ ಕೆಂಪಗೆ ಕಾಯಿಸಿದರೆ ಕೊಳೆ ಸುಟ್ಟುಹೋಗುತ್ತದೆ. ಪ್ಲಾಸ್ಮಾ ತೀರ ವಿರಳವಾಗಿದ್ದರೆ ಕಾಯಿಸುವಷ್ಟು ಕರೆಂಟೇ ಬಾರದು, ಆಗ ಋಣಾತ್ಮಕ ಮಾಡಿ ಅಯಾನುಗಳಿಂದ ಉಜ್ಜಿಸಬೇಕು. ಸೆರಾಮಿಕ್ ಕೊಳವೆಯ ಮೇಲೆ ಲೋಹದ ಪದರ ಬೆಳೆದು ತಂತಿಗೆ ತಾಗಿಬಿಟ್ಟರೆ ಪ್ರೋಬಿನ ವಿಸ್ತೀರ್ಣ ನಿಮಗೆ ಗೊತ್ತಿಲ್ಲದೆಯೇ ದೊಡ್ಡದಾಗುತ್ತದೆ. ಕೊಳವೆಯ ಬಾಯಲ್ಲಿ ತಂತಿಯ ಸುತ್ತ ಸಣ್ಣ ಸಂದು ಬಿಡುವುದು ಇದಕ್ಕಾಗಿ. 13.56 ಮೆಗಾಹರ್ಟ್ಸ್ ರೇಡಿಯೋ ಆವರ್ತನದ ಪ್ಲಾಸ್ಮಾದಲ್ಲಿ ಪ್ಲಾಸ್ಮಾ ವೋಲ್ಟೇಜೇ ತೂಗಾಡುತ್ತಿರುವುದರಿಂದ ಮೊಣಕಾಲು ಅಳಿಸಿಹೋಗಿ ತಾಪ ಹೆಚ್ಚಾಗಿ ಕಾಣುತ್ತದೆ. ತುದಿಯ ಪಕ್ಕದಲ್ಲೇ ಚೋಕ್ ಕಾಯಿಲ್ (ರೇಡಿಯೋ ಆವರ್ತನದ ಕರೆಂಟನ್ನು ತಡೆಯುವ ಸುರುಳಿ) ಹಾಕಬೇಕು, ಮೀಟರಿನ ಬಳಿ ಹಾಕಿದರೆ ಪ್ರಯೋಜನವಿಲ್ಲ.

ಗಾಜಿನ ಕೋಣೆಯಲ್ಲಿ ಕರೆಂಟ್ ವಾಪಸಾಗಲು ದೊಡ್ಡ ಲೋಹದ ಮೈ ಸಿಗದು. ಅಂಥಲ್ಲಿ ಜಾನ್ಸನ್ ಮತ್ತು ಮಾಲ್ಟರ್ 1950ರಲ್ಲಿ ತಂದ, ಒಂದು ತುದಿಯ ಕರೆಂಟ್ ಇನ್ನೊಂದರ ಮೂಲಕ ವಾಪಸಾಗುವ ಜೋಡಿ ಪ್ರೋಬ್ ಬಳಸುತ್ತಾರೆ. 1965ರ ಮೂರು ತುದಿಯ ಪ್ರೋಬಿನಲ್ಲಿ ವೋಲ್ಟೇಜ್ ಏರಿಳಿಸದೆಯೇ ತಾಪ ತಿಳಿಯುತ್ತದೆ. ಟೋಕಮಾಕ್ (ಬಿಸಿ ಪ್ಲಾಸ್ಮಾವನ್ನು ಕಾಂತಕ್ಷೇತ್ರದಿಂದ ಹಿಡಿದಿಡುವ ಬಳೆಯಾಕಾರದ ಯಂತ್ರ) ಅಂಚಿನ, ಕ್ಷಣಕ್ಷಣಕ್ಕೂ ಬದಲಾಗುವ ಪ್ಲಾಸ್ಮಾಕ್ಕೆ ಇದು ಅನುಕೂಲ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ‘ಆದಿತ್ಯ’ ಟೋಕಮಾಕ್‌ನಲ್ಲೂ ಅಂಚಿನ ಪ್ಲಾಸ್ಮಾದ ಕದಡಾಟವನ್ನು ಅಳೆದದ್ದು ಲ್ಯಾಂಗ್ಮ್ಯೂರ್ ಪ್ರೋಬ್‌ಗಳಿಂದ. ಅಂಚು ದಾಟಿ ಒಳಗೆ ಹಾಕಿದರೆ ತುದಿ ಕರಗುತ್ತದೆ, ಪ್ಲಾಸ್ಮಾವೂ ಕೆಡುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ಚಂದ್ರನ ನೆಲದ ಮೇಲಿನ ತೀರ ವಿರಳ ಪ್ಲಾಸ್ಮಾ. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಮೇಲಿದ್ದ ‘ರಂಭಾ’ ಉಪಕರಣ ಒಂದು ಲ್ಯಾಂಗ್ಮ್ಯೂರ್ ಪ್ರೋಬ್: ಒಂದು ಮೀಟರ್ ಉದ್ದದ ತೋಳಿನ ತುದಿಯಲ್ಲಿ 5 ಸೆಂಟಿಮೀಟರಿನ ಲೋಹದ ಗೋಳ. ಘನ ಮೀಟರಿಗೆ ಸುಮಾರು 50 ಲಕ್ಷದಿಂದ 3 ಕೋಟಿ ಎಲೆಕ್ಟ್ರಾನ್‌ಗಳಿವೆ ಎಂದು ಅದರ ಮೊದಲ ಅಳತೆಗಳು ಹೇಳಿದವು. ಕೋಟಿ ಎಲೆಕ್ಟ್ರಾನ್, ತಾಪ 1 ಎಲೆಕ್ಟ್ರಾನ್-ವೋಲ್ಟ್ ಎಂದಿಟ್ಟುಕೊಂಡರೆ ಡಿಬೈ ಉದ್ದ ಎರಡು ಮೀಟರ್ ಮೀರುತ್ತದೆ, ಗೋಳ ಅದರ ಮುಂದೆ ಏನೂ ಅಲ್ಲ. ತೆಳು ಪೊರೆಯ ಸೂತ್ರ ಇಲ್ಲಿ ನಡೆಯದು. ಹತ್ತಿರ ಬಂದ ಕಣಗಳ ಪಥವನ್ನೇ ಲೆಕ್ಕ ಹಾಕುವ, ಮಾಟ್-ಸ್ಮಿತ್ ಮತ್ತು ಲ್ಯಾಂಗ್ಮ್ಯೂರ್ 1926ರಲ್ಲಿ ಬರೆದ ಇನ್ನೊಂದು ಸೂತ್ರ ಬೇಕು. ಬಿಸಿಲು ಬಿದ್ದ ಲೋಹದಿಂದ ಎಲೆಕ್ಟ್ರಾನ್‌ಗಳು ಸಿಡಿಯುತ್ತವೆ. ಅವು ಹೊರಹೋಗುವ ಕರೆಂಟ್ ಮೀಟರಿನಲ್ಲಿ ಅಯಾನುಗಳು ಬಂದಂತೆಯೇ ಕಾಣುವುದರಿಂದ ಅದನ್ನೂ ಕಳೆಯಬೇಕು.