‘ಕಸ್ತೂರಿ’ಯ ‘ಸ್’ ಯಾರ ಪಾಲಿಗೆ?

ಶಾಲಾ ಕಲೋತ್ಸವದ ಸಮಯದಲ್ಲಿ ಕಾಸರಗೋಡಿನ ಬದಿಯಡ್ಕ ಕಡೆಯ ಪ್ಲಸ್ ಟು ಮಕ್ಕಳು ನಾಲ್ಕೈದು ಜನ ನನ್ನ ಹತ್ರ ಬಂದಿದ್ರು. ಅವರ ಕನ್ನಡ ನಾಟಕದಲ್ಲಿ ಒಂದು ಕಾಡಿನ ಜನ ಬರ್ತಾರೆ, ಅವರಿಗೆ ಈ ಲೋಕದಲ್ಲೇ ಇಲ್ಲದ ಒಂದು ಭಾಷೆ ಬೇಕು. ಮೂವತ್ತು ಪದ ಅವರೇ ಮಾಡಿಕೊಂಡು ಬಂದಿದ್ರು. “ಮಾಷೇ, ಕಾಡಿಗೆ ಝ್ಗಾರ್ಕ್, ನೀರಿಗೆ ಪ್ಖೂಣ್ಟ್” ಅಂದಳು ಒಬ್ಬಳು. ಎಲ್ಲಿ, ಮೂರು ಸಲ ಹೇಳು ಮಗಾ ಅಂದೆ. ಒಮ್ಮೆ ಜಗಾರ್ಕು ಆಯ್ತು, ಒಮ್ಮೆ ಇಜ್ಗಾರ್ಕ, ಮೂರನೇ ಸಲ ಗಾರ್ಕು.

ಭಾಷಾವಿಜ್ಞಾನ ಪಾಠ ಮಾಡೋದು ನನ್ನ ಕೆಲಸ, ಜೊತೆಗೆ ನಾಟಕದವರಿಗೆ, ಗೇಮ್ ಮಾಡೋ ಹುಡುಗರಿಗೆ ಹೊಸ ಭಾಷೆ ಕಟ್ಟೋದಕ್ಕೂ ಸಹಾಯ ಮಾಡ್ತೇನೆ, ಅಲ್ಲೆಲ್ಲ ಕಾಣೋದು ಇದೇ. ವಿಚಿತ್ರ ಅಕ್ಷರ ಒಟ್ಟುಮಾಡಿದ್ರೆ ಹೊಸ ಭಾಷೆ ಆಗ್ತದೆ ಅಂತ ಅಂದ್ಕೊಳ್ತಾರೆ. ಆದ್ರೆ ಒಂದು ಭಾಷೆಗೆ ಅದರ ಮುಖ ಬರೋದು ಯಾವ ಧ್ವನಿ ಎಲ್ಲಿ ಕೂತ್ಕೊಳ್ಬಹುದು, ಎಲ್ಲಿ ಕೂಡದು ಅನ್ನೋ ನಿಯಮದಿಂದ. ಕನ್ನಡದಲ್ಲೇ ನೋಡಿ, ಣ, ಳ ಎರಡೂ ಬೇಕಾದಷ್ಟು ಉಂಟು, ಆದ್ರೆ ಅವುಗಳಿಂದ ಶುರುವಾಗೋ ಒಂದು ಕನ್ನಡ ಪದ ಹೇಳಿ ನೋಡುವ.

ಸಿಲೆಬಲ್ ಅಂದ್ರೆ ಎಂತ ಅಂತ ಮಕ್ಕಳು ಕೇಳಿದ್ರು. ಒಂದು ಸ್ವರದ ಸುತ್ತ ಒಂದೇ ಏಟಿಗೆ ಬಾಯಿಂದ ಬರೋ ಪದದ ತುಂಡು ಅಂದೆ. ನಾನು ಬೋರ್ಡಿನಲ್ಲಿ ‘ಕಸ್ತೂರಿ’ ಬರೆದು ಪ್ರಸ್ತಾರ ಹಾಕಿ ಅಂದೆ. ಕ ಗುರು, ಸ್ತೂ ಗುರು, ರಿ ಲಘು. ಕ ಹ್ರಸ್ವ ಅಲ್ವಾ, ಮತ್ತೆ ಯಾಕೆ ಗುರು? “ಮುಂದೆ ಒತ್ತಕ್ಷರ ಉಂಟಲ್ಲ ಮಾಷೇ.” ಅದು ಸರಿ, ಎಲ್ಲರೂ ಉರು ಹೊಡೆದದ್ದೇ, ಆದ್ರೆ ಕಾರಣ ಎಂತದು ಅಂದ್ರೆ ಬರೆಯುವಾಗ ನಾವು ಸ್ ಅನ್ನು ತೂ ಜೊತೆ ಕಟ್ತೇವೆ, ಹೇಳುವಾಗ ಅದು ಕ ಜೊತೆ ಹೋಗ್ತದೆ: ಕಸ್-ತೂ-ರಿ. ಕೊನೆಗೆ ವ್ಯಂಜನ ಬಂದು ಮೊದಲ ತುಂಡಿನ ಬಾಗಿಲು ಮುಚ್ಚಿತು, ಅದಕ್ಕೇ ಅದು ಭಾರ. ಛಂದಸ್ಸು ಕಟ್ಟಿದವರು ಕಣ್ಣನ್ನು ನಂಬಲಿಲ್ಲ, ಕಿವಿಯನ್ನು ನಂಬಿದ್ರು. ಭಾಷೆ ಕಟ್ಟುವವರೂ ಹಾಗೇ ಮಾಡಬೇಕು ಅಂತ ನಾನು ಪ್ರತಿ ಸಲ ಹೇಳೋದು.

ಕಾಸರಗೋಡಿನಲ್ಲಿ ಇದನ್ನು ಕಲಿಸೋದು ಸುಲಭ. ಹಾಲು ಅಂತ ಕನ್ನಡದಲ್ಲಿ ಕೊನೆಗೆ ಪೂರ್ತಿ ಉ ಉಂಟು, ಮಲಯಾಳದ ಪಾಲ್ ಲಕಾರದಲ್ಲೇ ನಿಲ್ತದೆ, ತುಳುವಿನ ಪೇರ್ ಬರೆಯುವಾಗ ಅರ್ಧಾಕ್ಷರದಲ್ಲಿ ಮುಗಿದ ಹಾಗೆ ಕಂಡ್ರೂ ತುಳುವರ ಬಾಯಲ್ಲಿ ತುಟಿ ಉರುಟು ಮಾಡದ ಒಂದು ಗಿಡ್ಡ ಉ ಕೇಳ್ತದೆ. ಹಳಗನ್ನಡದಲ್ಲಿ ನಮ್ಮದೂ ಪಾಲ್ ಆಗಿತ್ತು, ಆಮೇಲೆ ಪದದ ಕೊನೆಗೆ ಸ್ವರ ಬೇಕೇ ಬೇಕು ಅಂತಾಯ್ತು, ಇವತ್ತಿಗೂ ಬಸ್, ಪೆನ್ ಬಂದ ಕೂಡಲೇ ಬಸ್ಸು, ಪೆನ್ನು ಮಾಡಿ ಒಳಗೆ ಬಿಟ್ಕೊಳ್ತೇವೆ.

ಎಸ್ಪೆರಾಂಟೊ ಅನ್ನೋ ಕೃತಕ ಭಾಷೆ ಕಟ್ಟಿದ ಝಾಮೆನ್‌ಹೋಫ್ ಅವರ ಊರು ಬಿಯಾಲಿಸ್ಟಾಕ್ ಕೂಡ ಹೀಗೇ ನಾಲ್ಕಾರು ಭಾಷೆಯ ಊರು. 1887ರಲ್ಲಿ ಎಲ್ಲರಿಗೂ ಸುಲಭ ಆಗಲಿ ಅಂತಲೇ ಅವರು ಅದನ್ನು ಕೊಟ್ಟದ್ದು, ಆದ್ರೂ ವಿಜ್ಞಾನಕ್ಕೆ ಅಲ್ಲಿ ಸ್ತ್ಸಿಯೆನ್ತ್ಸೊ ಅನ್ಬೇಕು. ಪೋಲಿಶ್, ರಷ್ಯನ್ ಆಡಿದ ಬಾಯಿಗೆ ಅದು ಸಲೀಸು, ನಮಗಲ್ಲ. 2001ರಲ್ಲಿ ಬಂದ ಟೋಕಿ ಪೋನಾ ಅನ್ನೋ ಇನ್ನೊಂದು ಕಟ್ಟಿದ ಭಾಷೆಯಲ್ಲಿ ವ್ಯಂಜನ 9, ಸ್ವರ 5, ಸಿಲೆಬಲ್ ಮುಚ್ಚಲಿಕ್ಕೆ ನ ಒಂದೇ. ಯಿ, ವು, ವೊ ಅಲ್ಲಿ ನಿಷಿದ್ಧ. ಎಲೆಯನ್ನು ಯೆಲೆ, ಒಂದನ್ನು ವೊಂದು ಅನ್ನೋ ನಮಗೆ ಇದರ ಕಾರಣ ಕೂಡಲೇ ಗೊತ್ತಾಗ್ತದೆ, ಕಿವಿಗೆ ವ್ಯತ್ಯಾಸವೇ ಸಿಗೋದಿಲ್ಲ. ಬೇಕಂತಲೇ ಪರಕೀಯ ಮಾಡಿದ್ದೂ ಉಂಟು, ಸ್ಟಾರ್ ಟ್ರೆಕ್ ಸಿನಿಮಾದ ಅನ್ಯಗ್ರಹದವರಿಗಾಗಿ ಮಾರ್ಕ್ ಒಕ್ರಾಂಡ್ ಕಟ್ಟಿದ ಕ್ಲಿಂಗನ್‌ನಲ್ಲಿ ಡ ಉಂಟು, ಅದರ ಜೋಡಿ ಟ ಇಲ್ಲ. ಆದ್ರೆ ಅಲ್ಲೂ ಪದದ ಶುರುವಿಗೆ ವ್ಯಂಜನದ ರಾಶಿ ಹಾಕಲಿಲ್ಲ ಅವರು.

ನಾಟಕದ ಮಕ್ಕಳ ಜೊತೆ ಕೂತು ಆರಿಸಿದ್ದು ಪ ತ ಕ ಮ ನ ಲ ರ ಸ ವ ಹ, ಈ 10 ವ್ಯಂಜನ, ಅ ಇ ಉ ಎ 4 ಸ್ವರ. ಸಿಲೆಬಲ್ ಶುರುವಿಗೆ ಒಂದೇ ವ್ಯಂಜನ, ಮುಚ್ಚುವುದಾದ್ರೆ ನ ಲ ರ ಮಾತ್ರ. ತೆರೆದವು 40, ಮುಚ್ಚಿದವು 120, ಒಟ್ಟು 160 ತುಂಡು, ಒಂದು ನಾಟಕಕ್ಕೆ ಧಾರಾಳ ಸಾಕು. ಪ ಮುಂದೆ ಬಂದ್ರೆ ನ್ ಮಕಾರ ಆಗ್ತದೆ, ತನ್ ಪಿ ಸೇರಿ ತಂಪಿ, ನಮ್ಮ ಅನುಸ್ವಾರ ಕಂಪು, ತಂಗಿಯಲ್ಲಿ ಮಾಡೋ ಕೆಲಸವೇ ಅದು.

ಝ್ಗಾರ್ಕ್ ಬಿಡ್ಲಿಕ್ಕೆ ಅವಳಿಗೆ ಮನಸ್ಸಿರಲಿಲ್ಲ. ಬಿಡುವುದು ಬೇಡ, ತದ್ಭವ ಮಾಡುವ ಅಂದೆ. ವರ್ಷಕ್ಕೆ ಸ್ವರ ತುರುಕಿ ವರುಷ ಮಾಡಿದ ಹಾಗೆ, ಬ್ರಹ್ಮನ ರಕಾರ ಬಿಟ್ಟು ಬೊಮ್ಮ ಮಾಡಿದ ಹಾಗೆ. ಝ, ಗ ನಮ್ಮ ಪಟ್ಟಿಯಲ್ಲಿಲ್ಲ, ಹತ್ತಿರದ್ದು ಸ, ಕ. ನಡುವೆ ಒಂದು ಅ, ದೀರ್ಘ ಗಿಡ್ಡ, ಕೊನೆಗೆ ಒಂದು ಉ. ಸಕರ್ಕು. ಅವಳು ನಾಲ್ಕು ಸಲ ಹೇಳಿದಳು, ನಾಲ್ಕೂ ಒಂದೇ ರೀತಿ ಬಂತು.

ರಿಹರ್ಸಲ್‌ಗೆ ಹೋದ ದಿನ ಒಬ್ಬ ಹುಡುಗ ಡೈಲಾಗ್ ಮರೆತು ನಿಂತ, ಮತ್ತೆ ತಾನೇ ಬಾಯಿಗೆ ಬಂದದ್ದು ಅಂದುಬಿಟ್ಟ: “ಮೆಲನ್ ಸರುಲ್ ಹಿಂಪೆ.” ಮೂರೂ ಪದ ನಮ್ಮ ಪಟ್ಟಿಯಲ್ಲಿರಲಿಲ್ಲ, ಮೂರೂ ನಿಯಮಕ್ಕೆ ಸರಿಯಾಗಿಯೇ ಇದ್ದವು. ಆ ಹುಡುಗಿ ನೋಟ್‌ಬುಕ್ ತೆಗೆದು ಅವನ್ನು ಬರ್ಕೊಂಡಳು, ಅರ್ಥದ ಜಾಗ ಖಾಲಿ ಬಿಟ್ಟು.