ಅತ್ತಿಮಬ್ಬೆ: ತೊಟ್ಟಿಲು ಬಿಟ್ಟು ಪ್ರಶಸ್ತಿಗೆ ಹೋದ ಹೆಸರು

ಅಭಿಮಾನಿಗಳು ಮಗನಿಗೆ ರಾಜ್‌ಕುಮಾರ್ ಅಂತಲೋ ಪುನೀತ್ ಅಂತಲೋ ಹೆಸರಿಡುವುದನ್ನು ನಾವೆಲ್ಲ ನೋಡಿದ್ದೇವೆ. ಸಾವಿರ ವರ್ಷದ ಹಿಂದೆ ಕವಿ ರನ್ನ ಮಾಡಿದ್ದೂ ಅದನ್ನೇ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ಹುಡುಗ ಈತ. ಇಬ್ಬರ ಋಣ ಅವನ ಮೇಲೆ ದೊಡ್ಡದಿತ್ತು. ಒಬ್ಬ, ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ. ಇನ್ನೊಬ್ಬಳು ಅತ್ತಿಮಬ್ಬೆ. ರನ್ನ ಮಗನಿಗೆ ರಾಯ ಎಂದು ಹೆಸರಿಟ್ಟ, ಮಗಳಿಗೆ ಅತ್ತಿಮಬ್ಬೆ ಎಂದು.

ಆಮೇಲೆ ಎಷ್ಟು ತೊಟ್ಟಿಲುಗಳಲ್ಲಿ ಈ ಹೆಸರು ಕೇಳಿಸಿತು ಅಂತ ಲೆಕ್ಕ ಇಟ್ಟವರಿಲ್ಲ. ಆದರೆ ಇವತ್ತು ನಿಮ್ಮ ಮಗಳ ಶಾಲೆಯ ಹಾಜರಿ ಪುಸ್ತಕ ತಿರುವಿ ಹಾಕಿ ನೋಡಿ. ಆದ್ಯ, ಅನನ್ಯ, ಸಾನ್ವಿ ಸಾಲುಸಾಲಾಗಿ ಸಿಗುತ್ತಾರೆ. ಅತ್ತಿಮಬ್ಬೆ ಸಿಕ್ಕರೆ ನನಗೂ ತಿಳಿಸಿ.

ಹೆಸರು ಗೊತ್ತಿಲ್ಲ ಅಂತಲ್ಲ. ಕನ್ನಡ ಶಾಲೆಯಲ್ಲಿ ಓದಿದವರಿಗೆ ದಾನಚಿಂತಾಮಣಿ ಅತ್ತಿಮಬ್ಬೆ ಚೆನ್ನಾಗಿಯೇ ಗೊತ್ತು. ತಂದೆ ಮಲ್ಲಪಯ್ಯ, ತಾಯಿ ಅಪ್ಪಕಬ್ಬೆ. ತಂಗಿ ಗುಂಡಮಬ್ಬೆ. ಅಕ್ಕತಂಗಿ ಇಬ್ಬರನ್ನೂ ಚಾಲುಕ್ಯರ ಸೇನಾನಿ ನಾಗದೇವನಿಗೆ ಕೊಟ್ಟಿದ್ದರು. ಅವನು ತೀರಿಕೊಂಡಾಗ ಗುಂಡಮಬ್ಬೆ ಅವನೊಂದಿಗೆ ಚಿತೆ ಏರಿದಳು. ಅತ್ತಿಮಬ್ಬೆ ಮಗನನ್ನು ಸಾಕಲು ಉಳಿದಳು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿಸಿದಳು ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಅಚ್ಚುಕೂಟ ಇಲ್ಲದ ಕಾಲ ಅದು. ಒಂದೊಂದು ಪ್ರತಿಯನ್ನೂ ತಾಳೆಗರಿಯ ಮೇಲೆ ಕಂಟದಲ್ಲಿ, ಅಂದರೆ ಮೊನಚಾದ ಕಬ್ಬಿಣದ ಕಡ್ಡಿಯಲ್ಲಿ, ಕೊರೆದೇ ಬರೆಯಬೇಕು. ರನ್ನ ಅಜಿತಪುರಾಣ ಬರೆದದ್ದು ಇವಳ ಆಸರೆಯಲ್ಲಿ, 993ರಲ್ಲಿ. ಅದರಲ್ಲಿ ಅವಳ ಶೀಲವನ್ನು ಬಿಳಿ ಅರಳೆಗೆ, ಗಂಗೆಯ ನೀರಿಗೆ, ಕೊಪಣದ, ಅಂದರೆ ಈಗಿನ ಕೊಪ್ಪಳದ, ಬೆಟ್ಟಕ್ಕೆ ಹೋಲಿಸುತ್ತಾನೆ. ಗದಗದ ಪಕ್ಕದ ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿ ಈಗಲೂ ನಿಂತಿದೆ. ಅಲ್ಲಿನ ಶಾಸನದ ಕಾಲ 1007.

ಇಷ್ಟು ದೊಡ್ಡ ಹೆಸರನ್ನು ಯಾಕೆ ಯಾರೂ ಮಗುವಿಗೆ ಇಡುವುದಿಲ್ಲ? ಉತ್ತರ ಹೆಸರಿನ ಬಾಲದಲ್ಲಿದೆ.

ಬಿಡಿಸಿದರೆ ಅತ್ತಿಮ, ಅಬ್ಬೆ. ತಂಗಿಯದೂ ಹಾಗೇ: ಗುಂಡಮ, ಅಬ್ಬೆ. ಅತ್ತಿ ಅಂದ ತಕ್ಷಣ ನಮಗೆ ನೆನಪಾಗುವುದು ಅತ್ತಿ ಮರ, ಕೊಂಬೆಗೇ ಅಂಟಿಕೊಂಡು ಗೊಂಚಲಾಗಿ ಬಿಡುವ ಆ ಕೆಂಪು ಹಣ್ಣು. ಅಬ್ಬೆ ಅಂದರೆ ತಾಯಿ. ಅಷ್ಟೇ, ಅಚ್ಚಗನ್ನಡದ ತಾಯಿ. ಅತ್ತಿಮಬ್ಬೆಯ ತಾಯಿಯ ಹೆಸರು ಇನ್ನೂ ಮಜವಾಗಿದೆ. ಅಪ್ಪಕಬ್ಬೆಯಲ್ಲಿ ಕಿವಿಗೆ ಅಪ್ಪನೂ ಕೇಳುತ್ತಾನೆ, ಅಬ್ಬೆಯೂ ಕೇಳುತ್ತಾಳೆ.

ಆಗಷ್ಟೇ ಹುಟ್ಟಿದ ಕೂಸಿಗೆ ತಾಯಿ ಅಂತ ಹೆಸರಿಡುವುದು ವಿಚಿತ್ರ ಅನ್ನಿಸಬಹುದು. ಆದರೆ ನಾವು ಈಗಲೂ ಮೂರು ವರ್ಷದ ಮಗಳನ್ನು 'ಬಾರಮ್ಮ, ಊಟ ಮಾಡು' ಅಂತಲೇ ಕರೆಯುತ್ತೇವೆ ಅಲ್ವಾ? ಆ ಮುದ್ದೇ ಆಗ ಹೆಸರಾಗಿತ್ತು.

ಹತ್ತನೇ ಶತಮಾನದ ಕನ್ನಡ ನಾಡಿನಲ್ಲಿ ಎಲ್ಲಿ ನೋಡಿದರೂ ಅಬ್ಬೆಯರೇ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ, ಅಣ್ಣಿಗೇರಿಯವಳು. ರನ್ನನ ತಾಯಿ ಅಬ್ಬಲಬ್ಬೆ. ಸರಿಯಾಗಿ ಓದಿ, ಎರಡೂ ಅಬ್ಬದಿಂದ ಶುರುವಾಗಿ ಅಬ್ಬೆಯಲ್ಲಿ ಮುಗಿಯುತ್ತವೆ. ಬನವಾಸಿ ಸೀಮೆಯ ನಾಗರಖಂಡದಲ್ಲಿ ಗಂಡ ಸತ್ತ ಮೇಲೆ 911ರ ಸುಮಾರಿಗೆ ನಾಳ್ಗಾವುಂಡಿಕೆ, ಅಂದರೆ ನಾಡಿನ ಗೌಡಿಕೆ, ವಹಿಸಿಕೊಂಡು ಎಪ್ಪತ್ತು ಹಳ್ಳಿ ಆಳಿದವಳು ಜಕ್ಕಿಯಬ್ಬೆ. ಕಡೂರಿನ 971ರ ಶಾಸನದ ಪಾಂಬಬ್ಬೆ ಗಂಗ ದೊರೆ ಬೂತುಗನ ಅಕ್ಕ. ಅರಮನೆ ಬಿಟ್ಟು ಮೂವತ್ತು ವರ್ಷ ತಪಸ್ಸು ಮಾಡಿದವಳು.

ನನಗೆ ಇವರೆಲ್ಲರಲ್ಲಿ ಇಷ್ಟ ಸಾವಿಯಬ್ಬೆ. ಶ್ರವಣಬೆಳಗೊಳದ ಒಂದು ವೀರಗಲ್ಲಿನ ಮೇಲೆ ಅವಳಿದ್ದಾಳೆ. ಕುದುರೆ ಏರಿದ್ದಾಳೆ, ಕತ್ತಿ ಎತ್ತಿದ್ದಾಳೆ, ಎದುರಿಗೆ ಆನೆಯ ಮೇಲೆ ಶತ್ರು. ಗಂಡನ ಜೊತೆ ಯುದ್ಧಕ್ಕೆ ಹೋಗಿ ಅಲ್ಲೇ ಸತ್ತವಳು. ವೀರಗಲ್ಲು ಅಂದರೆ ಸಾಮಾನ್ಯವಾಗಿ ಗಂಡಸರ ಕಲ್ಲು. ಅಲ್ಲಿ ಹೀಗೊಬ್ಬಳು ಕತ್ತಿ ಬೀಸುತ್ತಿರುವುದು ಬಹಳ ಅಪರೂಪ.

ಅಬ್ಬೆಯ ಕಥೆ ಹನ್ನೊಂದನೇ ಶತಮಾನದಲ್ಲೂ ಮುಂದುವರಿಯುತ್ತದೆ. ಈಗಿನ ಎಚ್.ಡಿ. ಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನವಿದೆ. ಗಂಡನನ್ನು ದೊರೆ ಕೊಲ್ಲಿಸಿದ ಸುದ್ದಿ ಕೇಳಿ, ತಂದೆತಾಯಿ ಎಷ್ಟು ತಡೆದರೂ ನಿಲ್ಲದೆ ಬೆಂಕಿಗೆ ಹೋದ ದೇಕಬ್ಬೆಯ ಶಾಸನ ಅದು. ಓದುವಾಗ ಸಂಕಟವಾಗುತ್ತದೆ. ಕನ್ನಡ ಪದ್ಯವಂತೂ ಸೊಗಸಾಗಿದೆ.

ಆಮೇಲೆ ಹೆಸರುಗಳು ನಿಧಾನಕ್ಕೆ ಬಟ್ಟೆ ಬದಲಿಸಿದವು. ಅದು ಒಂದೇ ಮನೆಯೊಳಗೆ ಕಾಣುವುದು ಹೊಯ್ಸಳರ ಕಾಲದಲ್ಲಿ. ವಿಷ್ಣುವರ್ಧನನ ರಾಣಿ ಶಾಂತಲೆ ಗೊತ್ತಲ್ಲ, ಅವಳ ತಾಯಿಯ ಹೆಸರು ಮಾಚಿಕಬ್ಬೆ. ಅಮ್ಮ ಹಳೇ ಕಾಲದ ಹೆಸರಿನವಳು, ಮಗಳು ಹೊಸ ಫ್ಯಾಷನ್‌ನ ಹೆಸರಿನವಳು. 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಆ ದುಃಖದಲ್ಲಿ ಮಾಚಿಕಬ್ಬೆ ಶ್ರವಣಬೆಳಗೊಳಕ್ಕೆ ಹೋಗಿ ಊಟ ಬಿಟ್ಟು ಪ್ರಾಣ ಬಿಟ್ಟಳು.

ಅದೇ ದೊರೆಯ ದಂಡನಾಯಕ ಗಂಗರಾಜ. 1118ರಲ್ಲಿ ತಾಯಿಗಾಗಿ ಚಂದ್ರಗಿರಿಯ ಕತ್ತಲೆ ಬಸದಿ ಕಟ್ಟಿಸಿದ. ಈ ತಾಯಿಯನ್ನು ಪೋಚಿಕಬ್ಬೆ ಅಂತಲೂ ಕರೆದಿದ್ದಾರೆ, ಪೋಚವ್ವೆ ಅಂತಲೂ ಕರೆದಿದ್ದಾರೆ, ಪೋಚಾಂಬಿಕೆ ಅಂತಲೂ ಕರೆದಿದ್ದಾರೆ. ಹೆಂಗಸು ಒಬ್ಬಳೇ, ಬಾಲ ಮೂರು. ಅಬ್ಬೆ ಹಳೆಯದು. ಅಂಬಿಕೆ ಸಂಸ್ಕೃತದ ಪೋಷಾಕು, ದೊಡ್ಡವರ ಮನೆಯ ಗತ್ತು. ಅವ್ವೆ ಜನರ ಬಾಯಲ್ಲಿ ಮೆತ್ತಗಾದ ಅಬ್ಬೆ. ಬ ಸವೆದು ವ ಆಗಿದೆ.

ಉಳಿದದ್ದು ಈ ಮೂರನೆಯದೇ. ಅದೇ ಶತಮಾನದ ಶರಣೆಯರನ್ನು ನೋಡಿ: ಗೊಗ್ಗವ್ವೆ, ಕಾಳವ್ವೆ, ಸಂಕವ್ವೆ. ಅವ್ವೆ ಇನ್ನಷ್ಟು ಸವೆದು ಅವ್ವ ಆಯಿತು. ಬಸವ್ವ, ನೀಲವ್ವ, ಗಂಗವ್ವ, ಕೆಂಚವ್ವ ಅಂತ ಉತ್ತರ ಕರ್ನಾಟಕದ ಮನೆಮನೆಯಲ್ಲೂ ಕೂತಿತು. ಮೈಸೂರಿನ ಕಡೆ ಅಮ್ಮ ಗೆದ್ದಿತು: ಹೊನ್ನಮ್ಮ, ಲಕ್ಷ್ಮಮ್ಮ, ಪುಟ್ಟಮ್ಮ. ಅಬ್ಬೆ ಅನ್ನುವ ಮಾತು ತನ್ನ ಹಳೇ ರೂಪದಲ್ಲೇ ಬದುಕಿರುವುದು ಹವ್ಯಕರ ಮನೆಗಳಲ್ಲಿ. ಅಲ್ಲಿ ಅಮ್ಮನಿಗೆ ಈಗಲೂ ಅಬ್ಬೆ ಅಂತಲೇ ಕರೆಯುತ್ತಾರೆ. ಆದರೆ ಅವರೂ ಮಗಳಿಗೆ ಆ ಬಾಲದ ಹೆಸರು ಇಡುವುದಿಲ್ಲ.

ಕಳೆದ ಶತಮಾನದಲ್ಲಿ ಅವ್ವ, ಅಮ್ಮಗಳಿಗೂ ಅದೇ ಗತಿ ಬಂತು. ಅಜ್ಜಿ ಸರೋಜಮ್ಮ ಆಗಿದ್ದರೆ ಮಗಳು ಬರೀ ಸರೋಜಾ. ಶಾಲೆಗೆ ಸೇರಿಸುವಾಗಲೇ ಮೇಷ್ಟ್ರು ಅಮ್ಮನನ್ನು ಕತ್ತರಿಸಿಬಿಡುತ್ತಿದ್ದದ್ದೂ ಉಂಟು. ಹೆಣ್ಣು ಹೆಸರು ಅಂದರೆ ಆ ಅಥವಾ ಇ ಅಂತ ಮುಗಿಯಬೇಕು ಅನ್ನುವುದು ರೂಢಿಯಾಯಿತು. ಶಾಂತಲೆ ಗೆದ್ದದ್ದು ಇಲ್ಲೇ ಅಂತ ನನಗನ್ನಿಸುತ್ತದೆ. ಶಾಂತಲಾ ಅಂತ ಕೊನೆ ಎಳೆದರೆ ಸಾಕು, ವಿಮಲಾ, ನಿರ್ಮಲಾ, ಶೀಲಾ ಜೊತೆ ಸಲೀಸಾಗಿ ಬೆರೆತು ಹೋಗುತ್ತದೆ. ಜೊತೆಗೆ ಬೇಲೂರಿನ ಶಿಲ್ಪಗಳ ಕೀರ್ತಿ ಬೇರೆ. ಅತ್ತಿಮಬ್ಬೆಯನ್ನು ಹೇಗೆ ಎಳೆದರೂ ಹಾಗೆ ಬೆರೆಯುವುದಿಲ್ಲ.

ಅದಕ್ಕೇ ಈ ಹೆಸರು ಮನೆ ಬಿಟ್ಟು ಸಭೆ ಸೇರಿಕೊಂಡಿತು. ರಾಜ್ಯ ಸರ್ಕಾರ ಲೇಖಕಿಯರಿಗೆ ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿ ಕೊಡುತ್ತದೆ. ಪುಸ್ತಕ ಬರೆಸಿದವಳ ಹೆಸರಲ್ಲಿ ಪುಸ್ತಕ ಬರೆಯುವವರಿಗೆ ಗೌರವ, ಸರಿಯಾಗೇ ಇದೆ. ಉಳ್ಳಾಲದ ಅಬ್ಬಕ್ಕನಿಗೂ ಇಂಥದ್ದೇ ಆಯಿತು. ಪೋರ್ಚುಗೀಸರನ್ನು ಎದುರಿಸಿದ ಆ ರಾಣಿಯ ಹೆಸರು ಕರಾವಳಿ ಕಾವಲು ಪಡೆಯ ಒಂದು ಹಡಗಿಗೆ ಇದೆ. ಮಕ್ಕಳಿಗೆ ಇಟ್ಟದ್ದು ನಾನಂತೂ ಕೇಳಿಲ್ಲ.

ಹುಬ್ಬಳ್ಳಿ ಕಡೆಯ ಗೆಳೆಯನೊಬ್ಬ ಮಗಳು ಹುಟ್ಟಿದಾಗ 'ಒಂದು ಅಚ್ಚಗನ್ನಡದ ಹೆಸರು ಹೇಳು ಮಾರಾಯ, ಯಾರಿಗೂ ಇರಬಾರದು' ಅಂತ ಫೋನ್ ಮಾಡಿದ್ದ. ನಾನು ಸುಮ್ನೆ ಇರದೆ ಅತ್ತಿಮಬ್ಬೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಶುರು ಮಾಡಿದ. ಮುದ್ದಿಗೆ ಏನಂತ ಕರೆಯೋದು? ಅತ್ತಿ ಅಂದರೆ ಕ್ಲಾಸಿನ ಹುಡುಗರು 'ಅತ್ತೆ ಬಂದ್ಳು' ಅಂತ ರೇಗಿಸೋದಿಲ್ವಾ? ಪಾಸ್‌ಪೋರ್ಟಿನಲ್ಲಿ ಇಂಗ್ಲಿಷಲ್ಲಿ ಬರೆದರೆ ಎರಡು ಟಿ, ಎರಡು ಬಿ, ಅದನ್ನು ಬೇರೆ ದೇಶದವರು ಹೇಗೆ ಓದುತ್ತಾರೆ? ಮೂರೂ ನ್ಯಾಯವಾದ ಪ್ರಶ್ನೆಗಳೇ. ಜಕ್ಕಿಯಬ್ಬೆ ಅಂತ ಇಟ್ಟು ಜಕ್ಕಿ ಅಂತ ಕರಿ, ರನ್ನನ ಹೆಂಡತಿಯ ಹೆಸರೂ ಜಕ್ಕಿನೇ ಅಂದೆ. ಮನೆಯಲ್ಲಿ ಕೇಳಿ ಹೇಳ್ತೀನಿ ಅಂದ. ಆಗಲೇ ನನಗೆ ಗೊತ್ತಾಯಿತು, ಇದು ಆಗೋ ಮಾತಲ್ಲ ಅಂತ.

ನಾಮಕರಣಕ್ಕೆ ಹೋಗಿದ್ದೆ. ತೊಟ್ಟಿಲಿಗೆ ಚೆಂಡು ಹೂವಿನ ಮಾಲೆ ಕಟ್ಟಿದ್ದರು. ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಆಮೇಲೆ ಗಟ್ಟಿಯಾಗಿ ಎಲ್ಲರಿಗೂ ಹೇಳಿದಳು: ಆದ್ಯ. ತೊಟ್ಟಿಲು ತೂಗುತ್ತ ಕೂತಿದ್ದ ಅಜ್ಜಿಗೆ ಅದು ಸರಿಯಾಗಿ ಕೇಳಿಸಲಿಲ್ಲ. 'ಏನಂತ ಇಟ್ರಿ?' ಅಂತ ಎರಡು ಸಲ ಕೇಳಿದರು. ಅಜ್ಜಿಯ ಹೆಸರು ನೀಲವ್ವ.